ಮಾವನ ಅಳತೆ ಪುಸ್ತಕ

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವವರ ಹಸ್ತಪ್ರತಿಯನ್ನು ಅಚ್ಚಿಗೆ ಸಿದ್ಧವಾದ ಫೈಲಾಗಿ ಮಾಡಿಕೊಡುವುದು ನನ್ನ ಕಸುಬು. ಹನ್ನೊಂದು ವರ್ಷದಲ್ಲಿ ಕವಿಗಳ ಕೋಪ, ನಿವೃತ್ತ ಮೇಷ್ಟ್ರುಗಳ ಹಟ ಎಲ್ಲವನ್ನೂ ಅರಗಿಸಿಕೊಂಡಿದ್ದೇನೆ. ಆದರೆ ಗಂಡನ ಅಪ್ಪನೇ ಲೇಖಕರಾಗಿ ಎದುರು ಬಂದು ಕೂತರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮಾವ ದರ್ಜಿ. ನಲವತ್ತು ವರ್ಷ ಎಳೆಮಕ್ಕಳ ಬಟ್ಟೆ ಹೊಲಿದವರು. ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿ, ತಮಗೆ ಗೊತ್ತಿದ್ದ ಕಟಿಂಗನ್ನೆಲ್ಲ ಹಾಳೆಗಳ ಮೇಲೆ ಬರೆದಿಟ್ಟರು. ಮೂವತ್ತೆರಡು ಉಡುಪು, ಎಲ್ಲವೂ ನಿಜವಾದ ಅಳತೆಯಲ್ಲಿ. ಪುಟವನ್ನು ಬಟ್ಟೆಯ ಮೇಲಿಟ್ಟು ಕತ್ತರಿಸಿದರೆ ಆಯಿತು. "ನನ್ನ ಕೈ ನಿಂತ್ರೂ ಅಂಗಿ ನಿಲ್ಲಬಾರ್ದಮ್ಮ" ಅಂದಿದ್ದರು. ಎಡಗೈಯಿಂದ ಬಲಗೈ ಹಿಡಿದುಕೊಂಡು ಒಂದೊಂದು ಗೆರೆ ಎಳೆದದ್ದನ್ನು ನಾನೇ ನೋಡಿದ್ದೆ.

ಹಾಳೆಗಳನ್ನು ಸ್ಕ್ಯಾನ್ ಮಾಡಿ, ಪುಟ ಜೋಡಿಸಿ, ಮುದ್ರಣಾಲಯಕ್ಕೆ ಕಳಿಸಿದೆ. ವಾರಕ್ಕೆ ಮಾದರಿ ಪ್ರತಿ ಬಂತು. ಬೇರೆ ಲೇಖಕರು ಮೊದಲು ತಮ್ಮ ಹೆಸರು ಹುಡುಕುತ್ತಾರೆ. ಮಾವ ಟೇಪು ಹುಡುಕಿದರು. ಆರು ಇಂಚು ಎಂದು ಬರೆದಿದ್ದ ಗೆರೆ ಐದೂವರೆ ಇಂಚೂ ಇರಲಿಲ್ಲ.

ನನಗೆ ತಕ್ಷಣ ಗೊತ್ತಾಯಿತು. ಪುಟದ ಸುತ್ತ ಅರ್ಧ ಇಂಚು ಖಾಲಿ ಬಿಡಬೇಕೆಂಬುದು ಮುದ್ರಣಾಲಯದ ನಿಯಮ. ಚಿತ್ರ ಅದರೊಳಗೆ ಹಿಡಿಸದಿದ್ದರೆ ನೂರಕ್ಕೆ ತೊಂಬತ್ತರಷ್ಟಕ್ಕೆ ಇಳಿಸುವುದು ನನ್ನ ಕೈಗಂಟಿದ ಅಭ್ಯಾಸ. ಕವಿಯ ಫೋಟೋ ಚಿಕ್ಕದಾದರೆ ಕವಿಗೇನೂ ನಷ್ಟವಿಲ್ಲ. ತಪ್ಪು ನನ್ನದೇ. ಆದರೆ ಒಪ್ಪಿಕೊಳ್ಳುವ ಮೊದಲು ಸಿಟ್ಟು ಮಾಡಿಕೊಳ್ಳುವುದು ನನ್ನ ಹುಟ್ಟುಗುಣ.

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಮಾವ. ಪುಟ ಇರೋದೇ ಅಷ್ಟು."

"ಹಾಸಿಗೆ ಚಿಕ್ಕದು ಅಂತ ಕಾಲು ಕತ್ತರಿಸ್ತಾರೇನಮ್ಮ?"

ಪುಸ್ತಕ ಮುಚ್ಚಿಟ್ಟರು. "ಬಿಡು. ಇದನ್ನ ನಂಬಿ ಯಾರೋ ಒಳ್ಳೆ ಬಟ್ಟೆ ಹಾಳು ಮಾಡ್ಕೊಳ್ಳೋದು ಬೇಡ. ಪುಸ್ತಕಾನೇ ಬೇಡ" ಅಂದರು. ಬೈದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು. ನನಗೆ ಅಳು ಬಂತು.

ಮೂರು ದಿನ ಪುಟಗಳ ಜೊತೆ ಗುದ್ದಾಡಿದೆ. ಅಳತೆ ಉಳಿಸಿದರೆ ಚಿತ್ರ ಅಂಚು ದಾಟುತ್ತದೆ. ಎದುರುಬದುರು ಪುಟಗಳಿಗೆ ಹರಡಿದರೆ ನಡುವಿನ ಬೈಂಡಿಂಗು ಕತ್ತಿನ ಭಾಗವನ್ನೇ ನುಂಗುತ್ತದೆ. ನನ್ನ ಗೊಣಗಾಟ ಕೇಳಲಾರದೆ ಮಾವ ಬಂದು ಕುರ್ಚಿಯ ಹಿಂದೆ ನಿಂತರು.

"ಎರಡು ತುಂಡು ಮಾಡಿ ಬೇರೆ ಬೇರೆ ಪುಟಕ್ಕೆ ಹಾಕು."

"ಆಮೇಲೆ ಸೇರಿಸೋ ಕಡೆ ಗೆರೆ ಕೂಡಲ್ಲ ಮಾವ."

"ಬಟ್ಟೆ ಸೇರಿಸೋವಾಗ ಒಳಗೆ ಅರ್ಧ ಇಂಚು ಬಿಡ್ತೀವಲ್ಲ, ಹಾಗೇ ಕಾಗದಾನೂ ಬಿಡು. ಒಂದರ ಮೇಲೊಂದು ಕೂರುತ್ತೆ."

ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಪ್ರತಿ ಚಿತ್ರವನ್ನೂ ಎರಡಾಗಿ ಒಡೆದೆ, ಸೇರುವ ಕಡೆಯ ಗೆರೆಗಳನ್ನು ಅರ್ಧ ಇಂಚಿನಷ್ಟು ಎರಡು ಪುಟದಲ್ಲೂ ಉಳಿಸಿದೆ. ಕತ್ತರಿಸಿ ತೆಗೆದರೆ ಬೇರೇನೂ ಹಾಳಾಗದಂತೆ ಹಿಂಬದಿ ಖಾಲಿ ಬಿಟ್ಟೆ. ಪುಸ್ತಕ ದಪ್ಪವಾಯಿತು. ಆಗಲಿ.

ಹೊಸ ಮಾದರಿಯಲ್ಲಿ ಆರು ಇಂಚು ಆರೇ ಇತ್ತು. ಆದರೂ ಮಾವ ಹೂಂ ಅನ್ನಲಿಲ್ಲ. ಒಂದು ಹತ್ತಿ ಬಟ್ಟೆ, ಸೂಜಿದಾರ ತಂದು ನನ್ನ ಮುಂದಿಟ್ಟರು.

"ನೀನು ಹೊಲಿ."

"ನನಗೆ ಗುಂಡಿ ಹಾಕೋಕೂ ಬರಲ್ಲ ಮಾವ."

"ಅದಕ್ಕೇ. ನಾನಿದ್ರೆ ನನ್ನ ಕೇಳ್ತೀಯ. ನಾನಿಲ್ಲದಾಗ ಪುಸ್ತಕಾನೇ ಹೇಳಿಕೊಡ್ಬೇಕು."

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಪುಟ ಕತ್ತರಿಸಿ ಅಂಟಿಸಿ, ಬಟ್ಟೆ ಕತ್ತರಿಸಿ, ಬೆರಳಿಗೆ ಎರಡು ಸಲ ಸೂಜಿ ಚುಚ್ಚಿಕೊಂಡು, ಬಾಯಿಗೆ ಬಂದದ್ದೆಲ್ಲ ಬೈದು, ಸಂಜೆ ಹೊತ್ತಿಗೆ ಒಂದು ಅಂಗಿ ಮುಗಿಸಿದೆ. ನಮ್ಮ ಎಂಟು ತಿಂಗಳ ಮಗಳ ತಲೆ ದೊಡ್ಡದು, ಅದು ಅವಳ ಅಪ್ಪನ ಕಡೆಯಿಂದ ಬಂದ ಆಸ್ತಿ. ಉಸಿರು ಬಿಗಿಹಿಡಿದು ತೊಡಿಸಿದೆ. ಸಲೀಸಾಗಿ ಇಳಿಯಿತು.

ಮಾವ ಬಂದು ಮೊಮ್ಮಗಳನ್ನು ಎತ್ತಿಕೊಂಡರು. ಕೈ ಮೇಲೆತ್ತಿ ಕಂಕುಳು ನೋಡಿದರು, ತಿರುಗಿಸಿ ಬೆನ್ನು ನೋಡಿದರು.

"ಹೊಲಿಗೆ ದೇವರಿಗೇ ಪ್ರೀತಿ" ಅಂದರು. ಅವರ ಕಣ್ಣು ತುಂಬಿತ್ತು. "ಆದ್ರೆ ಅಳತೆ ನಂದೇ. ಅಚ್ಚಿಗೆ ಕಳಿಸಮ್ಮ."