ಬಂಗಾರದ ಕೈ ಮೇಷ್ಟ್ರು

ಪ್ಯೋ ದೋಗ್ಯುವಿನ ಅಡುಗೆಮನೆಯ ನಲ್ಲಿ ತೊಟ್ಟಿಕ್ಕಲು ಶುರುವಾಗಿ ನಾಲ್ಕು ವರ್ಷವಾಗಿತ್ತು. ಅದರ ಕೆಳಗೊಂದು ಬೋಗುಣಿ ಇಟ್ಟು, ಸದ್ದಾಗದಿರಲಿ ಎಂದು ಅದರೊಳಗೆ ಬಟ್ಟೆ ಹಾಕಿದ್ದ. ಆಮೇಲೆ ಕಂಪ್ಯೂಟರ್ ಮುಂದೆ ಕೂತು, ತೊಟ್ಟಿಕ್ಕುವ ನಲ್ಲಿಯನ್ನು ಸರಿ ಮಾಡುವುದು ಹೇಗೆಂದು ದೇಶಕ್ಕೆಲ್ಲ ಹೇಳಿಕೊಡುತ್ತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ.

ಬೈಯುವ ಮೊದಲು ಅವನ ಕಥೆಯನ್ನೂ ಒಂದಿಷ್ಟು ಕೇಳಿ. ಅವನಿಗೀಗ ಅರವತ್ತೆರಡು. ಮದುವೆಯ ವಯಸ್ಸು ಯಾವಾಗ ದಾಟಿತೋ ಅವನಿಗೇ ತಿಳಿಯಲಿಲ್ಲ. ಕೊರಿಯಾದ ಸೋಲ್ ನಗರದ ಒಂದು ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕೂತು, ಬಾಯ್ಲರ್, ಪಂಪು, ವಾಷಿಂಗ್ ಮಷೀನುಗಳ ಜೊತೆ ಡಬ್ಬಿಯಲ್ಲಿ ಬರುತ್ತವಲ್ಲ, ಆ ಸೂಚನೆ ಪುಸ್ತಕಗಳ ಅಚ್ಚಿನ ತಪ್ಪು ತಿದ್ದಿದವನು. 'ಮೊದಲು ಮುಖ್ಯ ವಾಲ್ವ್ ಮುಚ್ಚಿ. ನಂತರ ತಿರುಪನ್ನು ಎಡಕ್ಕೆ ತಿರುಗಿಸಿ.' ಇಂಥ ವಾಕ್ಯಗಳು ಅವನಿಗೆ ಬಾಯಿಪಾಠ. ತಿರುಪನ್ನು ಮಾತ್ರ ಒಂದು ದಿನವೂ ತಿರುಗಿಸಿದವನಲ್ಲ.

ನಿವೃತ್ತಿಯಾದ ಮೇಲೆ ಪಕ್ಕದ ಬುಚೊನ್ ಊರಿನ ಒಂಟಿ ಕೋಣೆಯಲ್ಲಿ, ಎಷ್ಟೋ ದಿನ ಅವನ ಸ್ವಂತ ದನಿ ಅವನ ಕಿವಿಗೆ ಬೀಳುತ್ತಿದ್ದದ್ದು ಅಂಗಡಿಯ ಹುಡುಗಿಗೆ "ಚೀಲ ಬೇಡಮ್ಮ" ಅಂದಾಗ ಮಾತ್ರ. ಹೀಗಿರುವಾಗ ಮನೆ ರಿಪೇರಿಯ ಒಂದು ಆನ್‌ಲೈನ್ ಗುಂಪಿನಲ್ಲಿ ಯಾರದೋ ಪ್ರಶ್ನೆಗೆ ಉತ್ತರ ಬರೆದ. ಆ ಕಡೆಯಿಂದ 'ತುಂಬಾ ಉಪಕಾರವಾಯಿತು ಮೇಷ್ಟ್ರೇ' ಎಂದು ಬಂತು. ಮೇಷ್ಟ್ರು! ಆ ಸಾಲನ್ನು ಅವನು ಊಟ ಮಾಡುವಾಗಲೂ ತೆರೆದಿಟ್ಟುಕೊಂಡು ಓದಿದ. ಮಾರನೆಯ ದಿನವೇ 'ಬಂಗಾರದ ಕೈ' ಎಂದು ಹೆಸರಿಟ್ಟುಕೊಂಡ. ಅದರ ಕೆಳಗೆ 'ಇಪ್ಪತ್ತೈದು ವರ್ಷದ ಕೆಲಸದ ಅನುಭವ' ಎಂದೂ ಸೇರಿಸಿದ. ಸುಳ್ಳಿಗೆ ಕೂರಲು ಜಾಗ ಕೊಟ್ಟರೆ ಅದು ಕಾಲು ಚಾಚದೆ ಇರುತ್ತದೆಯೇ?

ಅವನನ್ನು ಬಿಡದೆ ಕೇಳುತ್ತಿದ್ದವಳು ಒಬ್ಬಳು ಮುದುಕಿ. ಗುಂಪಿನಲ್ಲಿ ಆಕೆಯ ಹೆಸರು 'ಸಿಹಿಗೆಣಸು'. ಬಚ್ಚಲ ನೀರು ಹೋಗುತ್ತಿಲ್ಲ ಮೇಷ್ಟ್ರೇ, ಬಾಗಿಲು ಕಿರುಗುಟ್ಟುತ್ತದೆ ಮೇಷ್ಟ್ರೇ, ಚಳಿಗೆ ಬಾಯ್ಲರ್ ಹಾಕಿದರೂ ಒಂದು ಕೋಣೆಯ ನೆಲ ಮಾತ್ರ ಬಿಸಿಯಾಗುತ್ತಿಲ್ಲ ಮೇಷ್ಟ್ರೇ. ಇವನು ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬರೆಯುತ್ತಿದ್ದ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ತಪ್ಪದೆ 'ಸರಿಹೋಯಿತು ಮೇಷ್ಟ್ರೇ' ಎಂದು ಬರುತ್ತಿತ್ತು. ಮೂರು ವರ್ಷ ಹೀಗೇ ನಡೆಯಿತು. ಕಳೆದ ಚಳಿಗಾಲದಲ್ಲಿ ಆಕೆ ಒಂದು ದೊಡ್ಡ ಡಬ್ಬಿ ತುಂಬ ಕಿಮ್ಚಿ, ಅಂದರೆ ಕೋಸಿನ ಉಪ್ಪಿನಕಾಯಿ, ಹಾಕಿ ಕಳಿಸಿದ್ದಳು. ಡಬ್ಬಿಯ ಮೇಲಿನ ಚೀಟಿಯಲ್ಲಿ ನಿಜವಾದ ಹೆಸರು, ವಿಳಾಸ, ನಂಬರು ಇತ್ತು: ಬಾಂಗ್ ಮಲ್ಸುನ್, ದೊಂಗ್‌ದುಚೊನ್ ಪಟ್ಟಣ. ಕೊಟ್ಟವರ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸಬಾರದು. ತುಂಬಿಸಿ ಕಳಿಸಲು ಇವನ ಮನೆಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಅದು ಫ್ರಿಜ್ಜಿನ ಮೇಲೇ ಉಳಿದಿತ್ತು.

ಶುಕ್ರವಾರ ಸಂಜೆ ಆಕೆ ಒಂದು ಫೋಟೋ ಕಳಿಸಿದಳು. ಹಿಂದಿನ ಬಾಲ್ಕನಿಯ ಗೋಡೆಯಲ್ಲಿ ಒಂದು ಕೊಳವೆಯ ಬಾಯಿ, ಆ ಕಡೆಯಿಂದ ಕೊರೆಯುವ ಗಾಳಿ ನುಗ್ಗುತ್ತಿದೆಯಂತೆ. ಇವನು ಮೇಲೆ ಮೇಲೆ ನೋಡಿದ. ಬಳಕೆಯಲ್ಲಿಲ್ಲದ ಹಳೆಯ ಕೊಳವೆ ಅಕ್ಕಾ, ಬಟ್ಟೆ ತುರುಕಿ ಮೇಲೆ ಟೇಪ್ ಬಿಗಿಯಾಗಿ ಸುತ್ತಿಬಿಡಿ ಎಂದು ಬರೆದ. 'ಈಗಲೇ ಮಾಡುತ್ತೇನೆ ಮೇಷ್ಟ್ರೇ' ಎಂದಳು.

ಶನಿವಾರ ಬೆಳಿಗ್ಗೆ ಏಳಾಯಿತು, ಎಂಟಾಯಿತು, ಏನೂ ಬರಲಿಲ್ಲ. ಎಂಟೂವರೆಗೆ ಅವನು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಕೊಳವೆಯ ಅಂಚಿನಲ್ಲಿ ಹೊಸ ಮಸಿ. ತುದಿಯಲ್ಲಿ ಹೊಗೆಯ ಆವಿ ತಣಿದು ಕೂತ ನೀರ ಹನಿ. ಅದು ಹಳೆಯ ಕೊಳವೆಯಲ್ಲ, ಉರಿಯುವ ಬಾಯ್ಲರಿನ ಹೊಗೆಕೊಳವೆ. ಅದನ್ನು ಮುಚ್ಚಿದರೆ ವಿಷಗಾಳಿ ಮನೆಯೊಳಗೇ ತಿರುಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದ ಹಾಗೇ ಹೋಗುತ್ತಾರೆ. 'ಹೊಗೆಕೊಳವೆಯ ಬಾಯಿ ಮುಚ್ಚಬಾರದು, ಪ್ರಾಣಾಪಾಯ' ಎಂಬ ಸಾಲು ಪ್ರತಿ ಬಾಯ್ಲರ್ ಪುಸ್ತಕದಲ್ಲೂ ದಪ್ಪಕ್ಷರದಲ್ಲಿ ಇರುತ್ತಿತ್ತು. ಮೂವತ್ತೊಂದು ವರ್ಷ ಅದರ ಅಲ್ಪವಿರಾಮ ತಿದ್ದಿದವನು ಇವನೇ.

ಡಬ್ಬಿಯಿಂದ ವಿಳಾಸದ ಚೀಟಿ ಕೀಳಲು ಹೋದರೆ ಬರಲಿಲ್ಲ. ಡಬ್ಬಿಯನ್ನೇ ಕಂಕುಳಲ್ಲಿ ಇರುಕಿಕೊಂಡು ರೈಲು ಸ್ಟೇಷನ್ನಿಗೆ ಓಡಿದ. ಆಕೆಯ ಫೋನು ಸ್ವಿಚ್ ಆಫ್. ದೊಂಗ್‌ದುಚೊನ್‌ಗೆ ಎರಡು ಗಂಟೆಯ ದಾರಿ. ಅಗ್ನಿಶಾಮಕದವರಿಗೆ ಫೋನ್ ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಮಾಡಿದರೆ ನೀನು ಯಾರು ಎಂದು ಕೇಳುತ್ತಾರೆ ಎಂಬುದೂ ಗೊತ್ತಿತ್ತು. ಯಾರು ಅಂತ ಹೇಳುವುದು? ಬಂಗಾರದ ಕೈ ಅಂತಲೇ? ಆ ಒಂದು ಹೆಸರು ಬಿಟ್ಟರೆ ಅವನ ಹತ್ತಿರ ಇನ್ನೇನಿತ್ತು? ನಾಚಿಕೆಗೇಡಿ ಮನುಷ್ಯ, ಒಂದು ಜೀವ ತೂಗಾಡುತ್ತಿರುವಾಗ ರೈಲಿನಲ್ಲಿ ಮೂರು ಸ್ಟೇಷನ್ ಹಾಗೇ ಕೂತ. ನಾಲ್ಕನೆಯದರಲ್ಲಿ ಅಗ್ನಿಶಾಮಕದ ನಂಬರ್ ಒತ್ತಿದ.

ವಿಳಾಸ ಬರೆದುಕೊಂಡ ಹೆಂಗಸು ಕೇಳಿದಳು, "ನೀವು ಅವರಿಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ಮುಚ್ಚಿ ಅಂತ ಹೇಳ್ಕೊಟ್ಟೋನು ನಾನೇ."

"ಬಾಯ್ಲರ್ ಕೆಲಸದೋರಾ?"

ಎದುರು ಸೀಟಿನವರೆಲ್ಲ ಇವನನ್ನೇ ನೋಡುತ್ತಿದ್ದರು. "ಅಲ್ಲಮ್ಮ. ಅಚ್ಚಿನ ತಪ್ಪು ತಿದ್ದೋನು. ನಂಗೆ ಏನೂ ಬರಲ್ಲ. ದಯವಿಟ್ಟು ಬೇಗ ಹೋಗಿ."

ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದ. ನಮ್ಮವರು ತಲುಪಿದ್ದಾರೆ, ಅದಕ್ಕಿಂತ ಹೆಚ್ಚು ಸಂಬಂಧಿಕರಲ್ಲದವರಿಗೆ ಹೇಳುವಂತಿಲ್ಲ ಎಂದಳು. ಏನೂ ಆಗಬೇಕಿಲ್ಲ ಎಂದು ಅವನ ಬಾಯಿಂದಲೇ ಬಂದಿತ್ತಲ್ಲ. ಉಳಿದ ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಜೀವ ಹಿಡಿಯಷ್ಟು ಮಾಡಿಕೊಂಡು ಕೂತ. ಆಕೆ ಸತ್ತಿದ್ದರೆ, ಹೋಗಿ ಅಳುವುದಕ್ಕೂ ತನಗೆ ಯಾವ ಹಕ್ಕೂ ಇಲ್ಲ ಎಂದು ಅವನಿಗೆ ಹೊಳೆಯಿತು.

ಆಕೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಡೆದ ಬಾಗಿಲ ಮುಂದೆ ಒಬ್ಬ ಬೀಗ ರಿಪೇರಿಯವನು ಮಂಡಿಯೂರಿ ಕೂತಿದ್ದ. ಅವನ ಹಿಂದೆ, ಸ್ನಾನದ ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಗುಬ್ಬಿಯಷ್ಟು ಸಣ್ಣ ಮುದುಕಿಯೊಬ್ಬಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ದೋಗ್ಯು ಡಬ್ಬಿಯ ಸಮೇತ ಮೆಟ್ಟಿಲ ಮೇಲೆ ಕುಸಿದು ಕೂತ.

ಆಕೆ ಮೊದಲು ಡಬ್ಬಿಯನ್ನು ನೋಡಿದಳು, ಆಮೇಲೆ ಅವನನ್ನು. "ಓಹೋ, ಮೇಷ್ಟ್ರು! ನನ್ನ ಬಾಗ್ಲು ಒಡೆಸಿದ್ದು ನೀವೇನಾ?"

ಬೆಳಿಗ್ಗೆ ಊರವರೆಲ್ಲ ಹೋಗುವ ಸಾರ್ವಜನಿಕ ಸ್ನಾನದ ಮನೆಗೆ ಹೋಗಿದ್ದಳಂತೆ. ಚಾರ್ಜಿಲ್ಲದ ಫೋನು ಮನೆಯಲ್ಲೇ ಬಿದ್ದಿತ್ತು. ಹಿಂತಿರುಗುವಷ್ಟರಲ್ಲಿ ಅಗ್ನಿಶಾಮಕದ ಆರು ಜನ ಬೂಟುಗಾಲಲ್ಲಿ ಅಡುಗೆಮನೆಯಲ್ಲಿ ನಿಂತಿದ್ದರು.

"ಆ ಕೊಳವೆ... ನೀವು ಮುಚ್ಲಿಲ್ವಾ ಅಕ್ಕಾ?" ಎಂದ.

ಆಕೆ ಅವನನ್ನು ಹಿಂದಿನ ಬಾಲ್ಕನಿಗೆ ಕರೆದೊಯ್ದಳು. ಕೊಳವೆಯ ಬಾಯಿ ತೆರೆದೇ ಇತ್ತು. ಸುತ್ತಲಿನ ಬಿರುಕಿಗೆ ಯಾರೋ ನೀಟಾಗಿ ಗಾರೆ ಮೆತ್ತಿದ್ದರು. ಬಾಯ್ಲರಿನ ಮೈತುಂಬ ಒಬ್ಬನೇ ರಿಪೇರಿಯವನ ಹೆಸರು, ನಂಬರಿನ ಚೀಟಿಗಳು. ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ತಾರೀಖು, ಮಾಡಿದ ಕೆಲಸ. ನೆಲ ಬಿಸಿಯಾಗದ್ದು. ಬಚ್ಚಲ ಕೊಳವೆ. ಬಾಗಿಲ ಕೀಲು. ತಪ್ಪು ಹುಡುಕುವ ಕಣ್ಣು ಅವನದು, ತಾರೀಖುಗಳು ಎಲ್ಲ ನೆನಪಿದ್ದವು. ಅವನು 'ಒಂದು, ಎರಡು, ಮೂರು' ಎಂದು ಬರೆದ ಪ್ರತಿ ಸಂಜೆಯೂ ಅಲ್ಲಿತ್ತು. ಕೊನೆಯ ಚೀಟಿ ನಿನ್ನೆಯದು.

"ಮೊದಲ್ನೇ ಸಲ ನೀವು ಹೇಳ್ದಂಗೆ ಮಾಡ್ದೆ. ನೀರು ಸೂರಿಗೇ ಚಿಮ್ತು," ಎಂದಳು. "ಆವತ್ತಿಂದ ಈ ಚೀಟಿಯೋನನ್ನೇ ಕರೀತೀನಿ."

"ಮತ್ತೆ ಸರಿಹೋಯ್ತು ಅಂತ ಯಾಕೆ ಬರೀತಿದ್ರಿ?"

ಆಕೆ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡಳು. "ಇಲ್ಲ ಅಂದ್ರೆ ನಿಮಗೆ ಬೇಜಾರಾಗಿ ಬರೆಯೋದೇ ಬಿಟ್ಬಿಡ್ತಿದ್ರಿ. ಈ ಮನೇಲಿ ನಂಗೆ ಅಕ್ಕಾ ಅನ್ನೋರು ಇನ್ಯಾರಿದಾರೆ?"

ಅವನಿಗೆ ಅಳು ಬಂತು, ಅತ್ತ. ಆಮೇಲೆ ಇಬ್ಬರೂ ಊಟಕ್ಕೆ ಕೂತರು. ಆಶ್ಚರ್ಯವೆಂದರೆ ಮಾತೇ ಹೊರಡಲಿಲ್ಲ. ಮೂರು ವರ್ಷ ಮಾತಾಡಿದ್ದೆಲ್ಲ ನಲ್ಲಿ, ಬಾಗಿಲು, ಬಚ್ಚಲ ಬಗ್ಗೆ. ಈಗ ಮನೆಯಲ್ಲಿ ಕೆಟ್ಟದ್ದು ಒಂದೂ ಇರಲಿಲ್ಲ, ಬಾಗಿಲು ಬಿಟ್ಟು. ಅದನ್ನೂ ಆ ಹೊತ್ತಿಗೆ ಬೀಗದವನು ಸರಿ ಮಾಡಿ ಹೋಗಿದ್ದ. ಆಕೆ ಡಬ್ಬಿಗೆ ಮತ್ತೆ ಕಿಮ್ಚಿ ತುಂಬಿ ಕೊಟ್ಟಳು. ಬರಿದು ತಂದಿದ್ದಕ್ಕೆ ಅವನು ಕ್ಷಮೆ ಕೇಳಿದ.

ಮನೆಗೆ ಬಂದವನೇ ಗುಂಪಿನಲ್ಲಿ 'ನನ್ನ ಯಾವ ಸಲಹೆಯನ್ನೂ ನಂಬಬೇಡಿ' ಎಂದು ನಿಜ ಹೆಸರಿನಲ್ಲಿ ಬರೆದು ಹೊರಬಿದ್ದ. ಭಾನುವಾರ, ಸೋಮವಾರ, ಮಂಗಳವಾರ ಯಾರೂ ಅವನನ್ನು ಮೇಷ್ಟ್ರೇ ಅನ್ನಲಿಲ್ಲ. ಬೋಗುಣಿಯ ನೀರು ಚೆಲ್ಲಿದ, ಮತ್ತೆ ಇಟ್ಟ.

ಬುಧವಾರ ಮಧ್ಯಾಹ್ನ ಫೋನಿಗೆ ಒಂದು ಮೆಸೇಜ್ ಬಂತು: 'ಬಚ್ಚಲ ದೀಪ ಮಿಣುಕುತ್ತಿದೆ ಮೇಷ್ಟ್ರೇ, ಏನು ಮಾಡಲಿ?'

'ನೀವು ಮುಟ್ಟಬೇಡಿ. ಕರೆಂಟಿನವನನ್ನು ಕರೆಸಿ' ಎಂದು ಕಳಿಸಿದ. ಮೂರು ವರ್ಷದಲ್ಲಿ ಅವನು ಕೊಟ್ಟ ಮೊದಲ ಸರಿಯಾದ ಸಲಹೆ ಅದು. ಕಳಿಸಿದ ಮೇಲೆ ಹೆದರಿಕೆಯಾಯಿತು. ಸರಿ ಉತ್ತರ ಸಿಕ್ಕಿದ ಮೇಲೆ ಆಕೆ ಇನ್ನೇನು ಕೇಳಬೇಕು? ಅಂಕಿ ಹಾಕದೆ ಇನ್ನೊಂದು ಸಾಲು ಬರೆದ.

'ಊಟ ಆಯಿತಾ ಅಕ್ಕಾ?'