ಹತ್ತು ಸಾವಿರದ ನಾನೂರ ಮೂರು

ಟಿಕೇಟಿನ ಮೂಲೆಯಲ್ಲಿ ಮಸುಕಾಗಿ 10403, ಎಷ್ಟು ಬಸ್ಸು, ಎಷ್ಟು ಟಿಕೇಟು, ಇದೇ ಬರಬೇಕಿತ್ತೇ, ಇವತ್ತೇ, ಇವಳು ಪಕ್ಕದಲ್ಲಿ ಕೂತಿರುವಾಗಲೇ – ಕೂಳೂರು ಸೇತುವೆಯ ಮೇಲೆ ಬಸ್ಸು ಕುಲುಕಿತು, ರೊಸಾಲಿನ್ ಮಿಸ್ ಕನ್ನಡಕ ಸರಿಮಾಡಿಕೊಂಡರು, ಕಣ್ಣಿನದೇನೂ ತಪ್ಪಿಲ್ಲ, ರಿಟೈರಾಗಿ ಆರು ವರ್ಷವಾದರೂ ಟಿಕೇಟಿನ ನಂಬರು ಒಡೆದು ನೋಡುವ ಚಾಳಿ ಬಿಟ್ಟಿಲ್ಲ. ಕೊನೆಯಂಕಿ ಮೂರು, ಎರಡರಿಂದ ಐದರಿಂದ ಭಾಗ ಹೋಗದು, ಅಂಕಿಗಳ ಮೊತ್ತ ಎಂಟು, ಮೂರರಿಂದಲೂ ಹೋಗದು, ಏಳರಿಂದ ಒಂದು ಉಳಿಯುತ್ತದೆ, ಹದಿಮೂರರಿಂದ ಮೂರು – ಹೀಗೇ ತಾನೇ ಅವತ್ತೂ ಇದೇ ಸಂಖ್ಯೆಯನ್ನು ಎಂಟನೇ ಕ್ಲಾಸಿನ ಬೋರ್ಡಿನಲ್ಲಿ ಬರೆಯುತ್ತ ಹೋದದ್ದು, ಗೋಡೆಯ ಅವಿಭಾಜ್ಯಗಳ ಚಾರ್ಟು ತೊಂಬತ್ತೇಳಕ್ಕೆ ಮುಗಿದಿತ್ತು, ಮಿಸ್ ಕೂಡ ಅಲ್ಲಿಗೇ ಮುಗಿಸಿದರು, ಅವಿಭಾಜ್ಯ ಸಂಖ್ಯೆ, ಬರೆದುಕೊಳ್ಳಿ. ಆಗ ಹಿಂದಿನ ಬೆಂಚಿನ ಮಾನ್ಯಾ, ಬೋಟಿಗೆ ಹೋಗುವ ಯಾದವನ ಮಗಳು, ಮಿಸ್, ಇನ್ನೊಂದು ನೋಡ್ಲಿಕ್ಕೆ ಉಂಟಲ್ಲ, ನೂರ ಒಂದು, ಚಾಕ್ ಕೊಡಿ, ತೋರಿಸ್ತೇನೆ – ಎದ್ದು ಬಂದು ಅಂಗೈ ಚಾಚಿ ನಿಂತಳು. ಚಾಕ್ ಕೊಡಲಿಲ್ಲ. ನಿನಗೆಂತ ನನಗಿಂತ ಹೆಚ್ಚು ಗೊತ್ತುಂಟಾ, ಹೋಗು, ಹೊರಗೆ ನಿಲ್ಲು. ಹೊರಗೆ ಹೋಗುವ ಮೊದಲು ಆ ಖಾಲಿ ಅಂಗೈಯನ್ನು ಒಮ್ಮೆ ನೋಡಿಕೊಂಡಿದ್ದಳು.

ಅದೇ ಸಂಜೆ, ಒಲೆಯ ಮೇಲೆ ಮೀನು ಸಾರು ಕುದಿಯುತ್ತಿರುವಾಗ, ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಣಿಸಿ ನೋಡಿದ್ದರು, ನೂರ ಒಂದು ಗುಣಿಸು ನೂರ ಮೂರು, ಸರಿಯಾಗಿ ಹತ್ತು ಸಾವಿರದ ನಾನೂರ ಮೂರು, ಎರಡೂ ಅವಿಭಾಜ್ಯ, ಅವಳಿ ಜೋಡಿ, ನೂರೆರಡರ ವರ್ಗಕ್ಕೆ ಒಂದೇ ಒಂದು ಕಡಿಮೆ, ಎಷ್ಟು ಚೆಂದದ ಸಂಖ್ಯೆ, ಸಾರು ತಳ ಹಿಡಿಯಿತು. ಮಾರನೇ ದಿನ ಹೇಳಬಹುದಿತ್ತು, ಎರಡು ನಿಮಿಷದ ಕೆಲಸ, ಆದರೆ ನಲವತ್ತು ಮಕ್ಕಳೆದುರು, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ, ಥೂ, ಎಂಥ ಮಾನ – ಹೇಳುವ ಬದಲು ಜಿಲ್ಲಾ ಗಣಿತ ಸ್ಪರ್ಧೆಯ ಪಟ್ಟಿಯಿಂದ ಮಾನ್ಯಾಳ ಹೆಸರು ಹೊಡೆದು ಅಣ್ಣನ ಮಗಳು ಗ್ಲೆನಿಟಾಳದ್ದು ಬರೆದರು, ಗ್ಲೆನಿಟಾ ಮೊದಲ ಸುತ್ತಿನಲ್ಲೇ ಸೋತು ಬಂದು ಐಸ್‌ಕ್ರೀಂ ಕೇಳಿದಳು. ಈಗ ಪಕ್ಕದಲ್ಲಿ ಅದೇ ಮಾನ್ಯಾ, ಬಟ್ಟೆಯಂಗಡಿಯ ಯೂನಿಫಾರ್ಮ್ ಸೀರೆ, ಗುರುತು ಹಿಡಿದು ಜಾಗ ಕೊಟ್ಟದ್ದೂ ಅವಳೇ, ಲೆಕ್ಕ ಆವಾಗಲೇ ಬಿಟ್ಟೆ ಮಿಸ್, ನನಗೆ ತಲೆ ಇಲ್ಲ ಅಂತ ನಿಮ್ಮ ಕ್ಲಾಸಲ್ಲೇ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು. ಕೊಂಕು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇರಲಿಲ್ಲ. ಹೇಳು ರೊಸಾಲಿನ್, ಟಿಕೇಟು ಕೈಯಲ್ಲೇ ಉಂಟು, ತೋರಿಸು, ಸರಿ ಹೇಳಿದ್ದು ನೀನು ಅನ್ನು – ಏನಮ್ಮ, ಅಪ್ಪ ಹೇಗಿದ್ದಾರೆ, ಎಂದರು, ಹದಿನೇಳು ವರ್ಷದ ನಂತರ ಬಾಯಿಗೆ ಬಂದದ್ದು ಅಷ್ಟು.

ಪಂಪ್‌ವೆಲ್, ಪಂಪ್‌ವೆಲ್, ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದಾನೆ, ಟಿಕೇಟು ಮುಷ್ಟಿಯಲ್ಲಿ ಬೆವರಿಗೆ ಮುದ್ದೆಯಾಗಿದೆ, ಇನ್ನೊಂದು ಕೈ ಕಂಬಿಯ ಮೇಲೆ, ಅವಳು ಮೊದಲೇ ಇಳಿದು ತಿರುಗಿ ನಿಂತಿದ್ದಾಳೆ, ಮೆಟ್ಟಿಲು ಎತ್ತರ ಉಂಟು ಮಿಸ್, ಕೈ ಕೊಡಿ – ಕೊಡಬೇಕಾದರೆ ಮುಷ್ಟಿ ಬಿಚ್ಚಬೇಕು, ಬೇಗ ಇಳೀರಿ ಮಾರಾಯ್ರೆ, ಬಿಚ್ಚಬೇಕು, ಬೆರಳು ಬಿಚ್ಚುತ್ತಿಲ್ಲ, ಕೆಳಗೆ ಆ ಅಂಗೈ, ಖಾಲಿ, ಚಾಚಿಕೊಂಡೇ ಇದೆ.