ಅರ್ಧ ಪಾವು ಎಣ್ಣೆ

ನಾಲ್ಕು ಸೇರು ಪೆಟ್ರೋಲಿಗೆ ಒಂದು ಪಾವು ಎಣ್ಣೆ. ಓದು ಬಾರದ ಅಂಬಿಗರ ಮುದಿಯಪ್ಪನಿಗೆ ಇದನ್ನು ಕಲಿಸಿದವನು ಹೊಸಪೇಟೆಯ ಮಿಸ್ತ್ರಿ ಹುಸೇನಬಾಷಾ. ಮೊದಲು ಡಬ್ಬಿಗೆ ಅರ್ಧ ಪೆಟ್ರೋಲು ಸುರಿ. ಮೇಲೆ ಎಣ್ಣೆ ಬಿಡು. ಮುಚ್ಚಳ ಬಿಗಿದು ಕೂಸನ್ನು ತೂಗಿದ ಹಾಗೆ ತೂಗು. ಆಮೇಲೆ ಉಳಿದ ಪೆಟ್ರೋಲು ಸುರಿದು ಮತ್ತೆ ತೂಗು. ಎರಡು ಬೆರಳ ನಡುವೆ ತಿಕ್ಕಿ ನೋಡು. ಪೆಟ್ರೋಲು ಹಾರಿಹೋದ ಮೇಲೂ ಬೆರಳು ಜಾರುತ್ತಿದ್ದರೆ ಹದ ಬಂತು. ಜಾರದಿದ್ದರೆ ದೋಣಿಯ ಎಂಜಿನ್ನು ತನ್ನ ಕರುಳು ತಾನೇ ಸುಟ್ಟುಕೊಳ್ಳುತ್ತದೆ. ಇಷ್ಟು ಹೇಳಿ ಮಿಸ್ತ್ರಿ ಎಂಟೇ ದಿನಕ್ಕೆ ತನ್ನೂರಿಗೆ ಹೋಗಿಬಿಟ್ಟ.

ಆಷಾಢದ ಆ ಬೆಳಿಗ್ಗೆ ಮುದಿಯಪ್ಪ ಬೆರಳು ತಿಕ್ಕಿದ. ಬೆರಳು ಒಣಗಿ ಕರಕರ ಅಂದಿತು. ಗುತ್ತೇದಾರನ ಕಾರಕೂನ ವೆಂಕೋಬ ಅಳೆದು ಕೊಟ್ಟದ್ದು ಅರ್ಧ ಪಾವು ಎಣ್ಣೆ.

"ರಾಯರ, ಇನ್ನರ್ಧ ಪಾವು ಬೇಕ್ರಿ. ಮಿಸ್ತ್ರಿ ಹೇಳ್ಯಾನ್ರಿ."

"ಹುಟ್ಟು ಹಾಕೋ ಮಗ ನನಗ ಎಂಜಿನ್ ಕಲಸ್ತೀ? ಲಡಾಯಿ ಮುಗದರೂ ಎಣ್ಣಿ ಸಿಗವಲ್ದು. ಕೊಟ್ಟಷ್ಟರಾಗ ನಡಸು. ಆಗದಿದ್ರ ಹೇಳು, ನಿನ್ನ ಜಾಗಕ್ಕ ಹತ್ತು ಮಂದಿ ನಿಂತಾರ."

ಎಣ್ಣೆ ಸಿಗುತ್ತಿರಲಿಲ್ಲ ಎನ್ನುವುದು ಶುದ್ಧ ಸುಳ್ಳು. ಗುತ್ತೇದಾರ ದೇವೇಂದ್ರಪ್ಪನ ಬಂಡಿಯಲ್ಲಿ, ಜೋಳದ ಸೊಪ್ಪೆಯ ಕೆಳಗೆ, ಎಣ್ಣೆಯ ಡಬ್ಬಿಗಳು ವಾರಕ್ಕೊಮ್ಮೆ ಗಂಗಾವತಿಗೆ ಹೋಗುವುದನ್ನು ಮುದಿಯಪ್ಪ ಕಣ್ಣಾರೆ ಕಂಡಿದ್ದ. ಕದ್ದವನಿಗೆ ಕಣ್ತುಂಬ ನಿದ್ದೆ. ಕಂಡವನಿಗೆ ಎದೆ ಡವಡವ. ಲೋಕ ನಡೆಯುವುದೇ ಹೀಗೆ.

ಹೊಳೆಗೆ ಕಟ್ಟೆ ಕಟ್ಟುವ ಕೆಲಸಕ್ಕೆ ಆಚೆ ದಡದ ಗಣಿಯಿಂದ ಕಲ್ಲು ಬೇಕಾಗಿತ್ತು. ಮೊದಲು ಕೂಲಿಗಳನ್ನು ದಾಟಿಸುತ್ತಿದ್ದದ್ದು ಅಂಬಿಗರ ಹರಿಗೋಲು. ಲಷ್ಕರಿನವರು ಹರಾಜು ಹಾಕಿದ ಎಂಜಿನ್ನೊಂದನ್ನು ದೇವೇಂದ್ರಪ್ಪ ತಂದು ದೋಣಿಯ ಹಿಂದಕ್ಕೆ ಬಿಗಿಸಿದ. ಇನ್ನು ಈ ಕಡವಿನಲ್ಲಿ ಹರಿಗೋಲು ಕಂಡರೆ ಕೊಡಲಿ ಹಾಕಿಸುತ್ತೇನೆ ಅಂದ. ಎರಡಕ್ಕೆ ಹಾಕಿಸಿಯೂ ತೋರಿಸಿದ. ಅದರಲ್ಲೊಂದು ಮುದಿಯಪ್ಪನದು. ಆಮೇಲೆ ಅವನನ್ನೇ ಕರೆದು ಎಂಜಿನ್ನಿನ ಹತ್ತಿರ ಕೂಡಿಸಿದ. ದೋಣಿಯೊಳಗಿನ ಹುಟ್ಟುಗಳನ್ನೂ ತೆಗೆಸಿದ. ಅವುಗಳ ಜಾಗದಲ್ಲಿ ಇನ್ನಿಬ್ಬರು ಕೂಲಿಗಳು ಕೂಡುತ್ತಾರೆ ಎಂಬುದು ಅವನ ಲೆಕ್ಕ.

ಆ ಕೂಲಿಗಳಲ್ಲಿ ಮುದಿಯಪ್ಪನ ಹೆಂಡತಿ ದುರಗಮ್ಮನೂ ಒಬ್ಬಳು. ದಿನಾ ಅವಳನ್ನು ತನ್ನ ಕೈಯಾರೆ ಕೂಡಿಸಿಕೊಂಡು ನಡುಹೊಳೆಗೆ ಒಯ್ಯಬೇಕು. ಕಡವಿನ ಕೆಳಗೆ ಕೂಗಳತೆಯಲ್ಲಿ ಬಂಡೆಗಳ ಸಂದು. ಬೇಸಿಗೆಯಲ್ಲಿ ಅದು ಮೊಣಕಾಲುದ್ದದ ನೀರು. ಹೊಳೆ ಬಂದಾಗ ಅಂಬಿಗರು ಅತ್ತ ಮುಖ ಮಾಡಿ ಉಗುಳುವುದಕ್ಕೂ ಹೆದರುತ್ತಾರೆ.

ಹೆದರಿದವನ ತಲೆಗೆ ಒಂದು ಉಪಾಯ ಹೊಳೆಯಿತು. ಊರಿನ ಬಂಡಿಗಳೆಲ್ಲ ಓಡುವುದು ಅಚ್ಚಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಾಕಿ. ಒಣಗಿದ ಅಚ್ಚು ಚೀರುತ್ತದೆ, ಎಣ್ಣೆ ಕಂಡರೆ ಸುಮ್ಮನಾಗುತ್ತದೆ. ಎಂಜಿನ್ನೂ ತಿರುಗುವ ವಸ್ತುವೇ ತಾನೇ? ಮನೆಯಲ್ಲಿ ದುರಗಮ್ಮ ಔಡಲ ಬೀಜ ಕುದಿಸಿ ತೆಗೆದಿಟ್ಟ ಎಣ್ಣೆ ಇತ್ತು. ಮುದಿಯಪ್ಪ ದಿನಾ ಅರ್ಧ ಪಾವು ಅದನ್ನೇ ತಂದು ಬೆರೆಸತೊಡಗಿದ. ಬೆರಳು ಜಾರಿತು. ಎಂಜಿನ್ನು ಬಿಳಿ ಹೊಗೆ ಕಾರಿದರೂ ಓಡಿತು.

ಮೊದಲು ವಾಸನೆ ಬಡಿದದ್ದು ಕಸ್ತೂರೆಮ್ಮನ ಮೂಗಿಗೆ. ಗಂಡ ಸತ್ತ ಕೂಲಿ ಹೆಂಗಸು, ದೋಣಿಯ ಮುಂದಿನ ಹಲಗೆ ಅವಳ ಕಾಯಂ ಜಾಗ. "ಮುದಿಯಪ್ಪಾ, ಬಾಣಂತಿ ಕೋಣಿ ವಾಸನಿ ಬರಾಕತ್ತೈತಲ್ಲೋ. ನಿನ್ನ ಎಂಜಿನ್ನು ಹಡದೈತೇನು? ಗಂಡೋ ಹೆಣ್ಣೋ?" ಅಂದಳು. ದೋಣಿಯೇ ಅಲ್ಲಾಡುವ ಹಾಗೆ ಎಲ್ಲರೂ ನಕ್ಕರು. ಮುದಿಯಪ್ಪನೂ ನಕ್ಕ. ಬಹಳ ದಿನದ ಮೇಲೆ ನಕ್ಕ.

ಐದನೆಯ ದಿನ ರಾತ್ರಿಯೆಲ್ಲ ಮಳೆ. ಬೆಳಗಾಗುವಷ್ಟರಲ್ಲಿ ಹೊಳೆ ಕೆಂಪಗೆ ಎರಡು ಮೊಳ ಏರಿತ್ತು. ಹಿಂದಿನ ಸಂಜೆಯೇ ಬೆರೆಸಿಡು ಎಂದು ವೆಂಕೋಬ ಅವಸರ ಮಾಡಿದ್ದ. ಬೆರೆಸಿ ಎಂಜಿನ್ನಿನ ಟಾಕಿಗೆ ತುಂಬಿದ್ದು ರಾತ್ರಿಯೆಲ್ಲ ಥಂಡಿಯಲ್ಲಿ ನಿಂತೇ ಇತ್ತು. ಥಂಡಿಗೆ ಔಡಲೆಣ್ಣೆ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ಕೂತಿತ್ತು. ಈ ಸಂಗತಿ ಮುದಿಯಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಮಿಸ್ತ್ರಿಯನ್ನು ದುಬಾರಿ ಎಂದು ಓಡಿಸಿದ್ದರು.

ಇವತ್ತು ಹೊಳೆ ಛಲೋ ಇಲ್ಲ, ಬೇಡ ಎಂದು ಮುದಿಯಪ್ಪ ವೆಂಕೋಬನಿಗೆ ಹೇಳಿದ. ಹೇಳಿದ್ದಕ್ಕೆ ಬೈಸಿಕೊಂಡ. ಇಪ್ಪತ್ತೆರಡು ಜನ ಹತ್ತಿದರು.

ದಡ ಬಿಡುವಾಗ ಎಂಜಿನ್ನು ಕಪ್ಪಗೆ ಹೊಗೆ ಉಗುಳಿತು. ತಳದ ಔಡಲೆಣ್ಣೆ ಮೊದಲೇ ಹೋಗಿ ಸುಟ್ಟಿತು. ಆಮೇಲೆ ಬಂದದ್ದು ಬರಿಯ ಅರ್ಧ ಪಾವು ಎಣ್ಣೆ ಬೆರೆತ ಪೆಟ್ರೋಲು. ನಡುಹೊಳೆಗೆ ಬರುವಷ್ಟರಲ್ಲಿ ಎಂಜಿನ್ನಿನ ದನಿ ಬದಲಾಯಿತು. ಮುದಿಯಪ್ಪ ಕೈ ಇಟ್ಟ, ಚರ್ಮ ಚುರ್ರೆಂದಿತು. ಕತ್ತು ಹಿಸುಕಿದ ಕೋಳಿಯ ಹಾಗೆ ಒಂದು ಸಲ ಕಿರುಚಿ ಅದು ನಿಂತುಬಿಟ್ಟಿತು.

ಎಂಜಿನ್ನು ಸುಮ್ಮನಾದ ಮೇಲೆ ಹೊಳೆಯ ಸದ್ದು ಕೇಳಿಸಿತು. ಅಷ್ಟು ಹೊತ್ತು ಅದು ಯಾರಿಗೂ ಕೇಳಿಸಿರಲಿಲ್ಲ.

ದೋಣಿ ಅಡ್ಡ ತಿರುಗಿ ಕೆಳಗಡೆ ಜಾರತೊಡಗಿತು. ಹುಟ್ಟಿಲ್ಲ. ಮುದಿಯಪ್ಪ ಎಂಜಿನ್ನು ಚಾಲೂ ಮಾಡುವ ಹಗ್ಗ ಜಗ್ಗಿದ, ಜಗ್ಗಿದ, ಅದು ಜಗ್ಗಲಿಲ್ಲ. ಸಲಿಕೆಗಳಿಂದ ನೀರು ಎಳೆಯಿರಿ ಎಂದು ಕೂಗಲು ಹೋದರೆ ದನಿ ಹೊರಡಲಿಲ್ಲ. ಕೂಗಿದವಳು ದುರಗಮ್ಮ. ಗಂಡಸರು ಸಲಿಕೆ ಹಿಡಿದರು, ಹೆಂಗಸರು ಕಲ್ಲು ಹೊರುವ ಪುಟ್ಟಿಗಳಿಂದ ನೀರು ಎಳೆದರು. ದೋಣಿ ದಡಕ್ಕೆ ಎರಡು ಮಾರು ಸರಿಯಿತು. ಸಂದಿನ ಮೊದಲ ಬಂಡೆಗೆ ಮೂತಿ ಬಡಿದು ಅಲ್ಲೇ ಸಿಕ್ಕಿಕೊಂಡಿತು. ಬಡಿತಕ್ಕೆ ಮುಂದಿನ ಹಲಗೆ ಮುರಿಯಿತು. ಹಲಗೆಯ ಮೇಲಿದ್ದ ಕಸ್ತೂರೆಮ್ಮ ಕೂಗಲೂ ಇಲ್ಲ. ಒಮ್ಮೆ ಅವಳ ಕೈ ಕಂಡಿತು. ಆಮೇಲೆ ಕೆಂಪು ನೀರು.

ಉಳಿದವರನ್ನು ಅಂಬಿಗರು ಮುಚ್ಚಿಟ್ಟಿದ್ದ ಹರಿಗೋಲು ತಂದು ದಡಕ್ಕೆ ಹಾಕಿದರು.

ಮರುದಿನ ಗಂಗಾವತಿಯಿಂದ ಪೋಲೀಸು ಅಮೀನರು ಬಂದು ಬೇವಿನ ಮರದ ಕೆಳಗೆ ಕೂತರು. ಅದಕ್ಕೆ ಮೊದಲೇ ದೇವೇಂದ್ರಪ್ಪ ಮುದಿಯಪ್ಪನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದ್ದ. ಆ ಕೈ ಅವನ ಹೆಗಲು ಮುಟ್ಟಿದ್ದು ಅದೇ ಮೊದಲು. ಸರಕಾರಿ ಕೆಲಸದ ಎಂಜಿನ್ನಿಗೆ ನಾಡೆಣ್ಣೆ ಸುರಿದದ್ದು ನೀನು, ಹೌದೋ ಅಲ್ಲೋ? ಹೌದು ತಾನೇ? ಅಷ್ಟಕ್ಕೆ ಹೆಬ್ಬೆಟ್ಟು ಒತ್ತು. ಆರು ತಿಂಗಳಿಗಿಂತ ಹೆಚ್ಚು ಜೈಲು ಆಗದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಇಲ್ಲವೆಂದರೆ ಎಣ್ಣೆ ಕೊಟ್ಟವಳು ನಿನ್ನ ಹೆಂಡತಿ, ಅವಳನ್ನೂ ಒಯ್ಯುತ್ತಾರೆ. ಇಷ್ಟು ಹೇಳಿದ.

ಅಮೀನರು ಕಾಗದ ಓದಿದರು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಔಡಲೆಣ್ಣೆ ಸುರಿದದ್ದು ನಿಜ. ಹೆಂಗಸೊಬ್ಬಳು ಸತ್ತದ್ದು ನಿಜ. ಜವಾನ ಮುದಿಯಪ್ಪನ ಹೆಬ್ಬೆಟ್ಟಿಗೆ ಮಸಿ ಬಳಿದ. ಕಾಗದದ ಮೇಲೆ ಬೆರಳು ಇಡುವ ಹೊತ್ತಿಗೆ ಅವನಿಗೆ ಆ ಕೈ ಕಂಡಿತು, ಕೆಂಪು ನೀರಿನಿಂದ ಎದ್ದ ಕೈ. ಅವನು ಮುಷ್ಟಿ ಕಟ್ಟಿದ.

"ಅರ್ಧ ಪಾವು ಔಡಲೆಣ್ಣಿ ನಾನ ಹಾಕೀನ್ರಿ. ತಪ್ಪು ನಂದ. ಕಸ್ತೂರೆಮ್ಮನ ಪಾಪ ನನ್ನ ತಲಿ ಮ್ಯಾಲ ಐತಿ. ಆದ್ರ ಕಂಪನಿ ಎಣ್ಣಿ ಅರ್ಧ ಪಾವು ಎಲ್ಲಿ ಹೋತು, ಅದನ್ನೂ ಬರೀರಿ."

"ಅದು ಈ ಕಾಗದದಾಗ ಬರಂಗಿಲ್ಲ," ಅಂದರು ಅಮೀನರು.

"ಹುಟ್ಟು ತಗಸಿದವ್ರು ಯಾರು, ಅದನ್ನೂ ಬರೀರಿ."

ಅವನ ದನಿ ಏನೂ ಗಟ್ಟಿಯಾಗಿರಲಿಲ್ಲ, ಅಳುವವನ ದನಿಯ ಹಾಗಿತ್ತು. ಆದರೂ ಹಿಂದೆ ನಿಂತವರಿಗೆ ಕೇಳಿಸಿತು. ಕೂಲಿಯ ಪಂಪಮ್ಮ ಸೆರಗು ಬಾಯಿಗೆ ಒತ್ತಿಕೊಂಡೇ ಮುಂದೆ ಬಂದಳು. "ಬರೀರಿ ಸಾಹೇಬ್ರ. ಬಂಡ್ಯಾಗ ಡಬ್ಬಿ ಹೋಗಿದ್ದು ನಾನೂ ಕಂಡೀನಿ." ಲಕ್ಷ್ಮಣಪ್ಪ ತಾನೂ ಕಂಡೆ ಅಂದ. ಬಾಯಿ ತೆರೆದವರಿಗೆ ನಾಳೆಯಿಂದ ಕೆಲಸವಿಲ್ಲ ಎಂದು ದೇವೇಂದ್ರಪ್ಪ ಗುಡುಗಿದ. ನಾಲ್ಕು ಜನ ಕುಸಿದು ಕೂತೇಬಿಟ್ಟರು.

ಅಮೀನರು ಕಾಗದ ಮಡಿಚಿದರು. ಜವಾನ ಮುದಿಯಪ್ಪನ ಕೈಗೆ ಹಗ್ಗ ಬಿಗಿದ. ಗಂಗಾವತಿ ನಾಲ್ಕು ಹರದಾರಿ, ನಡೆದೇ ಹೋಗಬೇಕು. ದುರಗಮ್ಮ ಗಂಡನ ಹಿಂದೆ ಹೊರಟಳು. ಕಚೇರಿಯಲ್ಲಾದರೂ ಬರೆಸಿ ಬರೋಣ ಎಂದು ಪಂಪಮ್ಮ ಹೊರಟಳು, ಅವಳ ಹಿಂದೆ ಲಕ್ಷ್ಮಣಪ್ಪ. ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಮೊಣಕಾಲ ಮೇಲೆ ಕೈಯೂರಿ ಎದ್ದು ನಡೆದರು, ಉಳಿದವರೂ ಅವರ ಹಿಂದೆ ಹೊರಟರು.

ಕಡವಿನಲ್ಲಿ ಕೆಲಸಕ್ಕೆ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಗುತ್ತೇದಾರ ಹಿಂದಿನಿಂದ ಹೆಸರು ಹಿಡಿದು ಕೂಗಿದ. ಒಂದೊಂದು ಹೆಸರಿಗೆ ಒಂದೊಂದು ಬೆನ್ನು ನಡುಗಿತು. ತಿರುಗಿ ನೋಡಿದವರು ಯಾರೂ ಇಲ್ಲ.